ರೇಡಿಯೋಗೆ ಒಂದು ಕೊಳಗ ರಾಗಿ

ಸಣ್ಣಬೀರಯ್ಯನಿಗೆ ಬುದ್ಧಿ ಹೇಳಿ ಗೆದ್ದವರು ನಮ್ಮೂರಿನಲ್ಲಿ ಒಬ್ಬರೂ ಇಲ್ಲ. ನಾನಂತೂ ವರ್ಷಗಟ್ಟಲೆ ಹೇಳಿದೆ. ಗೋರ್ಕಲ್ಲ ಮೇಲೆ ಮಳೆಗರೆದಂತೆ, ಒಂದು ಹನಿಯೂ ಒಳಗಿಳಿಯಲಿಲ್ಲ. ಹೇಳಿ ಹೇಳಿ ನನ್ನ ಗಂಟಲು ಕೆಟ್ಟಿತು, ಅವನ ಗಂಟಲು ಮಾತ್ರ ಗಟ್ಟಿಯಾಗಿಯೇ ಇತ್ತು. ಅವನ ಕಸುಬೇ ಅದಾಗಿತ್ತಲ್ಲ.

ನನ್ನ ಹೆಸರು ನಂಜಣ್ಣ. ಪಿರಿಯಾಪಟ್ಟಣದಿಂದ ರಾವಂದೂರಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಊರಬಾಗಿಲಿನಲ್ಲೇ ನನ್ನ ಸೈಕಲ್ ಶಾಪು. ಪಂಕ್ಚರ್ ಹಾಕುತ್ತೇನೆ, ಸೈಕಲ್ ಬಾಡಿಗೆಗೆ ಕೊಡುತ್ತೇನೆ. ಸಣ್ಣಬೀರಯ್ಯ ನನ್ನ ಜೊತೆ ಓದಿದವನು, ಜೊತೆಗೇ ಓದು ಬಿಟ್ಟವನು. ಆ ಒಂದು ದಾಕ್ಷಿಣ್ಯಕ್ಕೆ ಬಿದ್ದು ಶಾಪಿನ ಅರ್ಧ ಭಾಗವನ್ನು ಅವನಿಗೆ ಬಿಟ್ಟುಕೊಟ್ಟೆ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರುವುದಕ್ಕೆ ಜಾಗವಿಲ್ಲ ಎನ್ನುತ್ತಾರೆ. ನನ್ನ ವಿಷಯದಲ್ಲಿ ಟೈರು ಟ್ಯೂಬು ಇಡುವುದಕ್ಕೂ ಜಾಗವಿಲ್ಲದಂತಾಯಿತು.

ಅವನಿಗೆ ಅಪ್ಪ ಅಮ್ಮ ಚಿಕ್ಕಂದಿನಲ್ಲೇ ಹೋಗಿದ್ದರು. ಅವನನ್ನೂ ಅವನಣ್ಣ ಜವರಯ್ಯನನ್ನೂ ಸಾಕಿದವಳು ಸೋದರತ್ತೆ ಬೀರಮ್ಮ. ಹೊಲ ಮನೆಯ ಯಜಮಾನಿಕೆ ಜವರಯ್ಯನದು. ಒಳ್ಳೆಯ ಬೇಸಾಯಗಾರ, ಸುಳ್ಳು ಹೇಳಬಾರದು. ಆದರೆ ತಮ್ಮನಿಗೆ ಮದುವೆಯಾಗಿ ಹೆಂಡತಿ ಸುನಂದಮ್ಮ ಮನೆಗೆ ಬಂದ ಮೇಲೂ ಅವನನ್ನು ಆಳಿನಂತೆಯೇ ನೋಡಿದ. ಎತ್ತು ಕಟ್ಟು ಎಂದರೆ ಕಟ್ಟಬೇಕು, ಗೊಬ್ಬರ ಹೊಡೆ ಎಂದರೆ ಹೊಡೆಯಬೇಕು. ಊಟಕ್ಕೆ ಏಳು ಎನ್ನುವುದೂ ಜವರಯ್ಯನೇ. ಒಂದು ಬೇಸಿಗೆ ಸಣ್ಣಬೀರಯ್ಯ ಕೊಡಗಿನ ಕಾಫಿ ತೋಟದ ಕೆಲಸಕ್ಕೆ ಹೋಗಿದ್ದ. ಅಲ್ಲಿ ಸಾಹುಕಾರರ ಬಂಗಲೆಯ ರೇಡಿಯೋದಿಂದ ಕೂಲಿಯವರ ಸಾಲುಮನೆಗಳಿಗೆ ತಂತಿ ಎಳೆದು ಹಾಡು ಕೇಳಿಸುತ್ತಿದ್ದುದನ್ನು ನೋಡಿ ಬಂದ. ಬಂದವನಿಗೆ ನೇಗಿಲು ಹಿಡಿಸಲಿಲ್ಲ.

ತನ್ನ ಪಾಲಿನ ಬೆದ್ದಲು ಹೊಲವನ್ನು ಅಣ್ಣನಿಗೇ ಬಿಟ್ಟು, ಅದಕ್ಕೆ ಬಂದ ದುಡ್ಡಿನಲ್ಲಿ ಮೈಸೂರಿನಿಂದ ಒಂದು ವಾಲ್ವ್ ರೇಡಿಯೋ, ಒಂದು ಆಂಪ್ಲಿಫೈಯರ್, ಒಂದಷ್ಟು ಸ್ಪೀಕರು, ಸುತ್ತುಗಟ್ಟಲೆ ತಂತಿ ತಂದ. ಅರವತ್ತೆರಡನೇ ಇಸವಿಯ ಆಸುಪಾಸಿನ ಮಾತು. ಅವನು ಗಂಟುಮೂಟೆ ಕಟ್ಟಿಕೊಂಡು ಹೆಂಡತಿಯ ಜೊತೆ ಮನೆಯಿಂದ ಹೊರಬೀಳುವಾಗ ಜವರಯ್ಯ ಜಗಲಿಯ ಮೇಲೆ ಕೂತು ಹೇಳಿದ್ದನ್ನು ನಾನೇ ಕೇಳಿದ್ದೇನೆ.

"ಓಗಪ್ಪ ಓಗು. ಆ ಪೆಟ್ಟಿಗೆ ಒಟ್ಟೆಗೆ ಆಕಾಕಿಲ್ಲ ಕಣ್ಲಾ. ಬತ್ತೀಯ ನೀನು. ಕೊಟ್ಟಿಗೆ ಬಾಗ್ಲು ತೆಗ್ದೇ ಇರ್ತೀನಿ."

ಮನೆಯ ಬಾಗಿಲಲ್ಲ, ಕೊಟ್ಟಿಗೆಯ ಬಾಗಿಲು. ಆ ಮಾತು ಸಣ್ಣಬೀರಯ್ಯನಿಗೆ ಮುಳ್ಳಿನಂತೆ ನಾಟಿತು. ರೇಡಿಯೋ ಸೋತರೆ ಸಗಣಿ ಬಾಚಲು ಅಲ್ಲಿಗೇ ಹೋಗಬೇಕು, ಬೇರೆ ದಾರಿಯಿಲ್ಲ. ಸುನಂದಮ್ಮನಂತೂ ನಮ್ಮ ಶಾಪಿನ ಮುಂದೆಯೇ ನಿಂತು ಗಂಡನಿಗೆ ಹೇಳಿದಳು: "ಉಪಾಸ ಬಿದ್ದೇನು, ಆ ಕೊಟ್ಟಿಗೆಗೆ ಮಾತ್ರ ನಾನು ವಾಪಸ್ ಕಾಲಿಕ್ಕಾಕಿಲ್ಲ."

ಸಣ್ಣಬೀರಯ್ಯ ರೇಡಿಯೋವನ್ನು ನನ್ನ ಶಾಪಿನಲ್ಲಿಟ್ಟು, ತಂತಿಯನ್ನು ಹೆಂಚಿನ ಮೇಲೆ, ಹುಣಸೆ ಮರದ ಮೇಲೆ, ಎಲ್ಲೆಂದರಲ್ಲಿ ಎಳೆದ. ಮನೆಮನೆಗೆ ಒಂದು ಸ್ಪೀಕರು. ಅದನ್ನು ಮರದ ಪೆಟ್ಟಿಗೆಯಲ್ಲಿಡಲು ಅವನಿಗೆ ಅನುಕೂಲವಿರಲಿಲ್ಲ, ಕುಂಬಾರರಿಂದ ಮಡಕೆ ತಂದು ಅದರ ಬಾಯಿಗೆ ಕೂರಿಸಿದ. ಮಡಕೆಯೊಳಗಿನಿಂದ ದನಿ ಗುಂಯ್ ಎಂದು ದೊಡ್ಡದಾಗಿ ಬರುತ್ತಿತ್ತು. ಊರಿನವರು ಅದಕ್ಕೆ ರೇಡಿಯೋ ಎನ್ನಲೇ ಇಲ್ಲ, ಮಡಕೆ ಎಂದರು. "ನಿಮ್ಮ ಮನೆ ಮಡಕೆ ಏನಂತು?" ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಎಲ್ಲರ ಮನೆ ಮಡಕೆಯೂ ಒಂದೇ ಮಾತು ಆಡುತ್ತದೆ ಎನ್ನುವುದು ಆ ಮಹಾನುಭಾವರಿಗೆ ಹೊಳೆಯುತ್ತಿರಲಿಲ್ಲ.

ಇನ್ನು ಬಾಡಿಗೆ. ತಿಂಗಳಿಗೆ ಇಷ್ಟು ಎಂದು ಗೊತ್ತು ಮಾಡು, ಕೊಡದವನ ತಂತಿ ಕತ್ತರಿಸು ಎಂದೆ. ಕೇಳಿದನೇ? "ಆಯ ತಗತೀನಿ" ಎಂದ.

ಆಯ ಎಂದರೆ ಹಿಂದಿನಿಂದ ಬಂದ ಪದ್ಧತಿ. ಕಮ್ಮಾರ ವರ್ಷವಿಡೀ ನೇಗಿಲಿನ ಕುಳ ತಟ್ಟಿಕೊಡುತ್ತಾನೆ, ಅಗಸ ಬಟ್ಟೆ ಒಗೆಯುತ್ತಾನೆ, ಕ್ಷೌರದವನು ತಲೆ ನೋಡಿಕೊಳ್ಳುತ್ತಾನೆ, ತೋಟಿ ಸಾವಿನ ಸುದ್ದಿ ಹೊತ್ತು ಮನೆಮನೆಗೆ ನಡೆಯುತ್ತಾನೆ. ಆಗ ಯಾರೂ ಏನೂ ಕೇಳುವುದಿಲ್ಲ, ಕೊಡುವುದಿಲ್ಲ. ಸುಗ್ಗಿಯಲ್ಲಿ ಕಣದಲ್ಲಿ ರಾಶಿ ಪೂಜೆಯಾದ ಮೇಲೆ ಇವರೆಲ್ಲ ಬರುತ್ತಾರೆ, ಒಕ್ಕಲು ಮಕ್ಕಳು ಒಬ್ಬೊಬ್ಬರಿಗೂ ಅಳೆದು ಕೊಡುತ್ತಾರೆ. ಕಣಕ್ಕೆ ಬಂದವನನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ. ಎಲ್ಲರ ಆಯ ಅಳೆದು ಮುಗಿಯುವವರೆಗೆ ರಾಶಿ ಎತ್ತಿ ಮನೆಗೆ ತರುವಂತೆಯೂ ಇಲ್ಲ. ಸಣ್ಣಬೀರಯ್ಯ ಆ ಸಾಲಿನ ಕೊನೆಯಲ್ಲಿ ಹೋಗಿ ನಿಂತ. ರೇಡಿಯೋಗೆ ಮನೆಗೊಂದು ಕೊಳಗ ರಾಗಿ.

ಊರಿನವರು ಖುಷಿಯಾಗಿ ಒಪ್ಪಿದರು. ಕೈಯಿಂದ ದುಡ್ಡು ಬಿಚ್ಚುವಾಗ ಆಗುವ ಸಂಕಟ ರಾಶಿಯಿಂದ ರಾಗಿ ಅಳೆಯುವಾಗ ಆಗುವುದಿಲ್ಲ. ಸಂಕಟವಾದದ್ದು ಜವರಯ್ಯನಿಗೆ. ಆಯ ಕೊಡುವ ಮನೆತನದಲ್ಲಿ ಹುಟ್ಟಿದವನು ಆಯಕ್ಕೆ ಬಟ್ಟೆ ಒಡ್ಡುವುದೆಂದರೆ ಏನು? "ನಮ್ಮಪ್ಪ ಅಳೆದ ಕೊಳಗದ ಮುಂದೆ ಇವನು ಕೈ ಒಡ್ಡಿ ಕುಂತವ್ನಲ್ಲ" ಎಂದು ಸಂತೆಯಲ್ಲಿ ಸಿಕ್ಕವರ ಮುಂದೆಲ್ಲ ಆಡಿದ. ಆ ವರ್ಷದಿಂದ ಅಣ್ಣ ತಮ್ಮಂದಿರಿಗೆ ಮಾತು ನಿಂತಿತು. ಜವರಯ್ಯ ಕೆರೆಯಾಚೆ ಹೊಲದಲ್ಲೇ ಮನೆ ಕಟ್ಟಿಕೊಂಡು ಹೆಂಡತಿ ಚಾಮುಂಡಮ್ಮನ ಜೊತೆ ಅಲ್ಲಿಗೇ ಹೋದ.

ಕೆಲವು ವರ್ಷ ಕಸುಬು ನಡೆಯಿತು. ನನ್ನ ನೆಮ್ಮದಿ ಮಾತ್ರ ಹೋಯಿತು. ಊರಿಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ. ಲಾರಿ ಬ್ಯಾಟರಿಯನ್ನು ಚಾರ್ಜು ಮಾಡಿಸಲು ಪಿರಿಯಾಪಟ್ಟಣಕ್ಕೆ ಒಯ್ಯಬೇಕು, ಯಾರ ಸೈಕಲ್ಲಿನಲ್ಲಿ? ನನ್ನದರಲ್ಲಿ. ಕ್ಯಾರಿಯರಿಗೆ ಆಸಿಡ್ ಬಿದ್ದು ತುಕ್ಕು, ನನ್ನ ಪಂಚೆಗೆ ತೂತು. ಅದಾದ ಮೇಲೆ ಊರಿನವರ ರಂಪ. ರೇಡಿಯೋ ಒಂದು, ಕೇಳುವ ಮನೆ ನೂರೆಂಟು. ದೊಡ್ಡ ಒಕ್ಕಲು ಮಹದೇವಪ್ಪನಿಗೆ ಬೇಸಾಯದ ಮಾತು ಬೇಕು, ಅವನ ಮಗನಿಗೆ ಸಿಲೋನಿನ ಹಾಡು ಬೇಕು, ಹೆಂಡತಿಗೆ ದೇವರನಾಮ ಬೇಕು. ಮೂವರೂ ಬೇರೆ ಬೇರೆಯಾಗಿ ನಮ್ಮ ಶಾಪಿಗೆ ಬಂದು ಜಗಳ ಆಡಿ ಹೋಗುವರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗೆ. ಸಣ್ಣಬೀರಯ್ಯ ಎಲ್ಲರಿಗೂ "ಆಕ್ತೀನಿ ಬುಡಿ" ಎಂದು ತಲೆಯಾಡಿಸಿ, ತನಗೆ ಬೇಕಾದ್ದನ್ನೇ ಹಾಕುತ್ತಿದ್ದ.

ಅತ್ತೆ ಬೀರಮ್ಮನ ಮನೆ ನಮ್ಮ ಶಾಪಿನ ಬೆನ್ನಿಗೇ. ಗೋಡೆ ಒಂದೇ. ಆಕೆಗೆ ಮಡಕೆಯಲ್ಲಿ ಮಾತಾಡುವವರು ಯಾರೇ ಆಗಲಿ, ಅದು ತನ್ನ ಬೀರನ ಕಡೆಯ ಜನ. ವಾರ್ತೆ ಮುಗಿದ ಕೂಡಲೇ ಮಡಕೆಗೆ ಬಾಯಿಟ್ಟು "ಬೀರಾ, ಉಂಡ್ಯೇನ್ಲಾ?" ಎಂದು ಕೂಗುವಳು. ಇವನು ಈಚೆಯಿಂದ "ಉಂಡೆ ಕಣತ್ತೆ" ಎನ್ನುವನು. ದನಿ ಗೋಡೆ ತೂರಿ ಬರುತ್ತಿತ್ತು, ಆಕೆ ಮಾತ್ರ ತಂತಿಯಲ್ಲಿ ಬಂತು ಎಂದೇ ನಂಬಿದ್ದಳು. ಜವರಯ್ಯನೂ ವಾರಕ್ಕೊಮ್ಮೆ ಹಿತ್ತಲ ಬಾಗಿಲಿನಿಂದ ಬಂದು ಆಕೆಯ ಬಾಯಿಗೆ ಹೊಗೆಸೊಪ್ಪು ಕೊಟ್ಟು ಹೋಗುತ್ತಿದ್ದ. ಬಂದಾಗೆಲ್ಲ ಆಕೆ ಮಡಕೆಯನ್ನು ತೋರಿಸಿ "ನಿನ್ ತಮ್ಮ ಕಣ್ಲಾ, ಮಾತಾಡ್ಸು" ಎನ್ನುವಳು. ಅವನು ಎದ್ದು ಹೋಗುವನು.

ಆಮೇಲೆ ಟ್ರಾನ್ಸಿಸ್ಟರ್ ಬಂತು.

ಮೊದಮೊದಲು ಕೊಡಗಿನ ತೋಟಗಳಿಂದ ಬಂದವರ ಹೆಗಲಲ್ಲಿ ಒಂದೋ ಎರಡೋ ಕಂಡವು. ನಮ್ಮ ಕಡೆ ವರ್ಜೀನಿಯಾ ಹೊಗೆಸೊಪ್ಪಿನ ಬೆಳೆ ಕಚ್ಚಿಕೊಂಡ ಮೇಲಂತೂ ಮನೆಮನೆಗೂ ಬಂದವು. ಜವರಯ್ಯನೇ ಹೊಲದಲ್ಲಿ ಸೊಪ್ಪು ಬೇಯಿಸುವ ಬ್ಯಾರನ್ ಕಟ್ಟಿಸಿದ. ಮೊದಲ ಸೊಪ್ಪು ಮಾರಿ, ಚರ್ಮದ ಚೀಲವಿರುವ ಟ್ರಾನ್ಸಿಸ್ಟರ್ ತಂದ. ಉಳುವಾಗಲೂ ಹೆಗಲಲ್ಲೇ. ನಮ್ಮ ಶಾಪಿನ ಮುಂದೆ ಹಾಯುವಾಗ ಬೇಕೆಂದೇ ದನಿ ಏರಿಸುವನು. ಸಣ್ಣಬೀರಯ್ಯ ಒಳಗಿನಿಂದ ತನ್ನ ರೇಡಿಯೋದ ದನಿಯನ್ನೂ ಏರಿಸುವನು. ಇಬ್ಬರದೂ ಅದೇ ಸ್ಟೇಷನ್ನು, ಅದೇ ಹಾಡು. ನಡುವೆ ಪಂಪು ಹಿಡಿದು ಕೂತ ನನ್ನ ತಲೆ ಒಡೆಯುತ್ತಿತ್ತು.

ಆ ವರ್ಷದ ಸುಗ್ಗಿಯಲ್ಲಿ ನಮ್ಮೂರ ದೊಡ್ಡ ಮನುಷ್ಯರು ಆಡಿದ ಆಟ ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಕೈಯಲ್ಲಿ ಟ್ರಾನ್ಸಿಸ್ಟರ್ ಇರುವಾಗ ಮಡಕೆಗೆ ಯಾಕೆ ಕೊಳಗ ರಾಗಿ ಸುರಿಯಬೇಕು? ಸರಿ, ಬೇಡ ಎಂದು ಬಾಯಿಬಿಟ್ಟು ಹೇಳಬಹುದಿತ್ತು. ಹೇಳುವಂತಿಲ್ಲ, ಕಣಕ್ಕೆ ಬಂದವನಿಗೆ ಇಲ್ಲ ಎಂದರೆ ಪಾಪ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅದಕ್ಕೆ ಇವರು ಕಂಡುಕೊಂಡ ದಾರಿ, ಸಣ್ಣಬೀರಯ್ಯ ಕಣಕ್ಕೆ ಬರುವ ಮೊದಲೇ ರಾಶಿ ಎತ್ತಿಬಿಡುವುದು. ಇವನು ಚೀಲ ಹಿಡಿದು ಮಹದೇವಪ್ಪನ ಕಣಕ್ಕೆ ಹೋದರೆ ಅಲ್ಲಿ ಬರೀ ಹೊಟ್ಟು.

"ಮಳೆ ಬರೋ ಅಂಗಿತ್ತು ಕಣಪ್ಪ, ಬಿರ್‍ರನೆ ಎತ್ತಿಬುಟ್ಟೊ" ಎಂದ ಮಹದೇವಪ್ಪ.

ಸಂಕ್ರಾಂತಿಯ ಬಿಸಿಲು ನೆತ್ತಿ ಸುಡುತ್ತಿತ್ತು. ಮುಗಿಲಿನಲ್ಲಿ ಒಂದು ತುಣುಕು ಮೋಡವಿರಲಿಲ್ಲ. ಹೀಗೆಯೇ ಅರ್ಧ ಊರು ಮಳೆಗೆ ಹೆದರಿತು. ಸಣ್ಣಬೀರಯ್ಯ ಬರಿಚೀಲ ಮಡಚಿಕೊಂಡು ಶಾಪಿಗೆ ಬಂದು ಕೂತ. ಕೆರೆಯಾಚೆಯ ಕಡೆ ನೋಡಿ, "ಕೊಟ್ಟಿಗೆ ಬಾಗ್ಲು ಕಾಣ್ತಾ ಅದೆ ಕಣ್ಲಾ ನಂಜ" ಎಂದ.

ಎಂದಿನಂತೆ ಬುದ್ಧಿ ಹೇಳಿದೆ. ಟ್ರಾನ್ಸಿಸ್ಟರಿಗೆ ಸೆಲ್ಲು ಬೇಕೇ ಬೇಕು, ಸೆಲ್ಲು ತಂದು ಮಾರು. ಕೆಟ್ಟರೆ ರಿಪೇರಿ ಮಾಡು, ನಿನಗೆ ಕೈ ಇದೆ. ಮದುವೆಗೆ ಮೈಕ್ ಸೆಟ್ ಬಾಡಿಗೆಗೆ ಬಿಡು. ಹುಣಸೂರಿನಲ್ಲಿ, ಕೆ.ಆರ್. ನಗರದಲ್ಲಿ ಎಲ್ಲ ಅದನ್ನೇ ಮಾಡುತ್ತಿದ್ದಾರೆ, ಹೊಟ್ಟೆ ತುಂಬ ಉಣ್ಣುತ್ತಿದ್ದಾರೆ. ಇಷ್ಟನ್ನೂ ಬಿಡಿಸಿ ಹೇಳಿದೆ. ಅವನು ನನ್ನನ್ನು ದ್ರೋಹಿಯ ಹಾಗೆ ನೋಡಿದ.

"ನನ್ ಮಡಕೆ ಒಡೆದೋರಿಗೆ ನಾನೇ ಸೆಲ್ಲು ಮಾರ್ಲಾ? ಒಳ್ಳೆ ಏಳ್ದೆ ಬುಡು."

ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು ಎಂದುಕೊಂಡು ನಾನು ನನ್ನ ಪಂಕ್ಚರ್ ನೋಡಿಕೊಂಡೆ. ಆದರೆ ಅವನು ಸುಮ್ಮನೆ ಕೂತಿರಲಿಲ್ಲ, ಜನ ತನ್ನನ್ನು ಏನು ಕೇಳುತ್ತಾರೆ ಎನ್ನುವುದನ್ನು ಗಮನಿಸುತ್ತಿದ್ದ. ಹಾಡು ಕೇಳಲು ಯಾರೂ ಬರುತ್ತಿರಲಿಲ್ಲ. ಊರಬಾಗಿಲಿನಲ್ಲಿ ಕೂತವನು ಎಂದು ಎಲ್ಲರೂ ಕೇಳುತ್ತಿದ್ದದ್ದು ಬೇರೆಯೇ. ಸೊಸೈಟಿಗೆ ಸೀಮೆಎಣ್ಣೆ ಬಂತಾ? ನಮ್ಮ ಕೆಂದ ಹಸು ಈ ಕಡೆ ಹಾಯ್ತಾ? ಬಸ್ಸು ಕಂಪಲಾಪುರದಲ್ಲೇ ಕೆಟ್ಟು ನಿಂತಿದೆಯಂತೆ, ನಿಜವಾ? ಈ ಮಾತುಗಳನ್ನು ನಮ್ಮ ಕಡೆಯ ಸ್ಟೇಷನ್ನಿನವರು ಹೇಳುವುದಿಲ್ಲ, ದೆಹಲಿಯವರಂತೂ ಹೇಳುವುದೇ ಇಲ್ಲ.

ಹುಣಸೂರಿನ ಟೆಂಟ್ ಸಿನಿಮಾದವರ ಹಳೆಯ ಮೈಕೊಂದನ್ನು ತಂದು ಆಂಪ್ಲಿಫೈಯರಿಗೆ ಸಿಕ್ಕಿಸಿದ. ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಹಾಡು ನಿಂತು, ಉಳಿದಿದ್ದ ಮಡಕೆಗಳಲ್ಲೆಲ್ಲ ಅವನ ದನಿ ಬಂತು: "ಸೊಸೈಟಿಗೆ ಸೀಮೆಎಣ್ಣೆ ಡ್ರಮ್ಮು ಇಳಿದದೆ. ಡಬ್ಬ ತಗಂಡು ಒಂಡ್ರಪ್ಪೋ." ಗೋಡೆಯಾಚೆಯಿಂದ ಬೀರಮ್ಮ "ಬಂದೆ ಕಣ್ಲಾ" ಎಂದು ಕೂಗಿದಳು.

ಮಡಕೆಯ ಮನೆಯವರು ಡಬ್ಬ ಹಿಡಿದು ಓಡಿದರು. ಟ್ರಾನ್ಸಿಸ್ಟರ್ ಮನೆಯವರಿಗೆ ಸುದ್ದಿ ತಲುಪುವ ಹೊತ್ತಿಗೆ ಡ್ರಮ್ಮು ಬರಿದು. ಎಪ್ಪತ್ತರ ಆಚೀಚಿನ ಆ ವರ್ಷಗಳಲ್ಲಿ ಸೀಮೆಎಣ್ಣೆ ಎಂದರೆ ಚಿನ್ನ. ಕರೆಂಟು ಬಂದಿದ್ದರೂ ಎಷ್ಟೋ ಮನೆಗಳಲ್ಲಿ ಬುಡ್ಡಿದೀಪವೇ. ಎರಡು ಸಲ ಬರಿ ಡಬ್ಬ ಅಲ್ಲಾಡಿಸಿಕೊಂಡು ಹಿಂದಿರುಗಿದ ಮಹದೇವಪ್ಪ ಮೂರನೆಯ ಸಲಕ್ಕೆ ಅಟ್ಟದ ಮೇಲೆ ಬಿಸಾಡಿದ್ದ ಮಡಕೆಯನ್ನು ತಾನೇ ತೊಳೆದು ಹೊತ್ತು ತಂದ. "ಒಸಿ ತಂತಿ ಕಟ್ಟಪ್ಪ, ಯಾವಾಗ್ಲೋ ಕಿತ್ತೋಗಿತ್ತು" ಎಂದ. ಕಿತ್ತವನು ಅವನೇ. ಸಣ್ಣಬೀರಯ್ಯ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಆ ಹುಬ್ಬನ್ನು ಬೋಳಿಸಿಬಿಡಬೇಕು ಎನ್ನಿಸಿತು, ಆದರೆ ಅವನ ಉಪಾಯ ನನ್ನ ಉಪಾಯಕ್ಕಿಂತ ಚೆನ್ನಾಗಿ ನಡೆಯಿತು ಎನ್ನುವುದು ಸತ್ಯ.

ಸುದ್ದಿ ಎಂದ ಮೇಲೆ ಸಾವಿನ ಸುದ್ದಿಯೂ ಬಂತು. ಊರಿನಲ್ಲಿ ಯಾರಾದರೂ ತೀರಿಕೊಂಡರೆ ಹಾಡು ನಿಲ್ಲಿಸಿ, ಇಂಥವರು ಹೋದರು, ಇಷ್ಟು ಹೊತ್ತಿಗೆ ಮಣ್ಣು ಎಂದು ಹೇಳುತ್ತಿದ್ದ. ಅದು ತೋಟಿ ಸೋಮಯ್ಯನ ಕೆಲಸ. ಸೋಮಯ್ಯ ಜಗಳಕ್ಕೆ ಬರುತ್ತಾನೆ ಎಂದು ನಾನು ಕಾದೆ. ಬಂದ, ಶಾಪಿನ ಮುಂದೆ ದೊಣ್ಣೆ ಊರಿ ಕೂತ, ಮಂಡಿ ನೀವಿಕೊಂಡ.

"ನನ್ ಕಾಲು ಉಳೀತು ಕಣಪ್ಪೋ. ಇನ್ನು ನೀನೇ ಕೂಗ್ಕೊ. ಮಡಕೆ ಇಲ್ದಿರೋ ಮನೆಗೆ ನಾ ಓಗ್ತೀನಿ" ಎಂದ.

ಮಡಕೆ ಇಲ್ಲದ ಮನೆ ಯಾವುದು ಎಂದು ಯಾರು ನೋಡುತ್ತಾರೆ? ನೋಡಬೇಕು ಎಂದು ಇಬ್ಬರೂ ತಲೆಯಾಡಿಸಿದರು, ಇಬ್ಬರೂ ನೋಡಲಿಲ್ಲ. ನಡೆಯುತ್ತಿದೆಯಲ್ಲ ಎಂದು ನಡೆಯಿತು. ನಮ್ಮೂರಿನಲ್ಲಿ ಎಲ್ಲ ಕೆಲಸವೂ ಹೀಗೆಯೇ ಕೆಡುವುದು.

ಹೊಗೆಸೊಪ್ಪು ಬೇಯಿಸುವ ಕಾಲ. ಜಿಟಿಜಿಟಿ ಮಳೆ. ಬೆಳಗ್ಗೆ ನಾನು ಶಾಪಿನ ಬಾಗಿಲು ತೆಗೆಯುವಾಗ ಸುನಂದಮ್ಮ ಓಡಿ ಬಂದಳು. ಬೀರಮ್ಮ ಮಲಗಿದ್ದಲ್ಲೇ ಹೋಗಿಬಿಟ್ಟಿದ್ದಳು. ಸಣ್ಣಬೀರಯ್ಯ ಹೋಗಿ ನೋಡಿದ, ಹಿಂದಕ್ಕೆ ಬಂದ, ಮೈಕಿನ ಮುಂದೆ ಕೂತ.

"ನಮ್ಮತ್ತೆ ಬೀರಮ್ಮ ಓಯ್ತು. ಮಧ್ಯಾಹ್ನಕ್ಕೆ ಮಣ್ಣು. ಎಲ್ರೂ ಬಂದ್ಬುಡಿ."

ಗೋಡೆಯಾಚೆ ಆಕೆಯ ಮಡಕೆಯೂ ಅದನ್ನೇ ಹೇಳಿತು. ಉತ್ತರ ಬರಲಿಲ್ಲ.

ಊರೆಲ್ಲ ಬಂತು. ಜವರಯ್ಯ ಬರಲಿಲ್ಲ. ಮಳೆ ಬಲವಾಗುತ್ತದೆ, ಗುಂಡಿಯಲ್ಲಿ ನೀರು ನಿಲ್ಲುತ್ತದೆ ಎಂದು ಹಿರಿಯರು ಅವಸರ ಮಾಡಿದರು. ಸಣ್ಣಬೀರಯ್ಯ ಸ್ವಲ್ಪ ತಡೀರಿ, ಸ್ವಲ್ಪ ತಡೀರಿ ಎನ್ನುತ್ತ ಕೆರೆ ಏರಿಯ ಕಡೆಯೇ ನೋಡುತ್ತಿದ್ದ. ಕೆರೆಯಾಚೆ ಜವರಯ್ಯನ ಬ್ಯಾರನ್ನಿನ ಹೊಗೆ ಕಾಣುತ್ತಿತ್ತು. "ಬೆಂಕಿ ಬುಟ್ಟು ಬಂದ್ರೆ ಸೊಪ್ಪು ಕೆಡ್ತದಲ್ಲ, ಅದಕ್ಕೇ ಬಂದಿಲ್ಲ" ಎಂದ ಮಹದೇವಪ್ಪ. "ಸಾಕಿದೋಳಿಗಿಂತ ಸೊಪ್ಪು ಎಚ್ಚಾಯ್ತಾ ಅವನಿಗೆ" ಎಂದು ಇನ್ನೊಬ್ಬರು. ನಾನೂ ನನ್ನ ಪಾಲಿನ ಬೈಗುಳ ಸೇರಿಸಿದೆ. ಒಬ್ಬರಿಗಾದರೂ, ಅವನಿಗೆ ಗೊತ್ತಾಗಿದೆಯೇ ಎಂದು ಕೇಳಬೇಕು ಎನ್ನಿಸಲಿಲ್ಲ. ಊರಿಗೆಲ್ಲ ಗೊತ್ತಾದದ್ದು ಅವನಿಗೂ ಗೊತ್ತಾಗಿರಲೇಬೇಕು ಎಂದು ಎಲ್ಲರ ಲೆಕ್ಕ. ಕೊನೆಗೆ ಸಣ್ಣಬೀರಯ್ಯನಿಗೂ ಸಿಟ್ಟು ಬಂತು. "ಬರ್ದಿದ್ರೆ ಬುಡಿ" ಎಂದು ಮೂರು ಹಿಡಿ ಮಣ್ಣು ಹಾಕಿದ.

ಮಾರನೆಯ ದಿನ ಜವರಯ್ಯ ಬಂದ. ಹೆಗಲಲ್ಲಿ ಟ್ರಾನ್ಸಿಸ್ಟರ್ ಹಾಡುತ್ತಿತ್ತು, ಕೈಯಲ್ಲಿ ಆಗಷ್ಟೇ ಬೇಯಿಸಿ ತೆಗೆದ ಹೊಗೆಸೊಪ್ಪು. ಎಂದಿನಂತೆ ಸುತ್ತು ಬಳಸಿ ಹಿತ್ತಲ ಬಾಗಿಲಿನಿಂದ ಅತ್ತೆಯ ಮನೆಗೆ ಹೋದ. ಒಳಗೆ ನೆಲ ಸಾರಿಸಿತ್ತು. ಹೆಣ ಮಲಗಿಸಿದ್ದ ಕಡೆ ಹಚ್ಚಿಟ್ಟ ದೀಪ ಉರಿಯುತ್ತಿತ್ತು. ಹಾಡು ಥಟ್ಟನೆ ನಿಂತದ್ದು ಗೋಡೆಯ ಈಚೆ ಕೂತಿದ್ದ ನಮಗೆ ಕೇಳಿಸಿತು.

ಅವನು ನಮ್ಮ ಶಾಪಿನ ಮುಂದೆ ಬಂದು ನಿಂತ. ಎಷ್ಟೋ ವರ್ಷಗಳ ಮೇಲೆ ತಮ್ಮನಿಗೆ ಆಡಿದ ಮೊದಲ ಮಾತು ಅದು.

"ನಂಗ್ಯಾಕ್ಲಾ ಏಳ್ನಿಲ್ಲ?"

"ಮಡಕೇಲಿ ಏಳ್ದೆ" ಎಂದ ಸಣ್ಣಬೀರಯ್ಯ.

"ನನ್ ಮನೇಲಿ ಮಡಕೆ ಎಲ್ಲೈತೆ?"

"ಸೋಮಯ್ಯ ಬತ್ತಾನಲ್ಲ ಅಂತ…"

ಸೋಮಯ್ಯ ಅಲ್ಲೇ ಕೂತಿದ್ದ. "ಮಡಕೆ ಏಳ್ತಲ್ಲ ಅಂತ ನಾನು…" ಎಂದು ತಲೆ ಕೆಳಗೆ ಹಾಕಿದ.

ಜವರಯ್ಯ ಇಬ್ಬರನ್ನೂ ನೋಡಿದ. ಬೈಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. "ನಾ ಒಂದಿಡಿ ಮಣ್ಣು ಆಕ್ನಿಲ್ವಲ್ಲ" ಎಂದ, ಅಷ್ಟೇ. ಹೊಗೆಸೊಪ್ಪನ್ನು ನನ್ನ ಶಾಪಿನ ಹಲಗೆಯ ಮೇಲಿಟ್ಟು ಹೋದ. ಆ ದಿನ ಅವನ ಟ್ರಾನ್ಸಿಸ್ಟರ್ ಏರಿಯ ಉದ್ದಕ್ಕೂ ಹಾಡಲಿಲ್ಲ.

ನನಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯಲಿಲ್ಲ. ತಂತಿಯನ್ನು ನಂಬಿದ ಸೋಮಯ್ಯನ ಮೇಲೆಯೋ, ಸೋಮಯ್ಯನನ್ನು ನಂಬಿದ ಸಣ್ಣಬೀರಯ್ಯನ ಮೇಲೆಯೋ, ತಮ್ಮನ ಮೇಲಿನ ಹಟಕ್ಕೆ ಮಡಕೆಯಿಲ್ಲದೆ ಕೂತ ಜವರಯ್ಯನ ಮೇಲೆಯೋ. ಎಲ್ಲರಿಗೂ ಸೇರಿಸಿ ಮನಸ್ಸಿನಲ್ಲೇ ಬೈದೆ. ಸಣ್ಣಬೀರಯ್ಯ ಮೂರು ದಿನ ಮೈಕು ಮುಟ್ಟಲಿಲ್ಲ.

ಆದರೆ ಊರಿನವರ ಬುದ್ಧಿ ನೋಡಿ. ಜವರಯ್ಯನಿಗೆ ಆದದ್ದು ತಮಗೂ ಆದೀತು ಎಂಬ ಭಯ ಹೊಕ್ಕಿತು. ಸತ್ತವರ ಮಣ್ಣು ತಪ್ಪಿಸಿಕೊಂಡವನು ಎಂಬ ಹೆಸರು ಯಾರಿಗೆ ಬೇಕು? ಟ್ರಾನ್ಸಿಸ್ಟರ್ ಇದ್ದವರು, ಇಲ್ಲದವರು, ಹಿಂದೆಂದೂ ಮಡಕೆ ಕಟ್ಟಿಸದವರು, ಎಲ್ಲರೂ ಸಾಲುಗಟ್ಟಿ ಬಂದರು. "ನಮ್ಮನೆಗೂ ಒಂದು ತಂತಿ ಎಳೀರಿ ಸಣ್ಣಬೀರಣ್ಣೋರೆ." ಮೊದಲ ಸಲ ಅವನಿಗೆ ಬಹುವಚನ ಸಿಕ್ಕಿತು. ಇಡೀ ಕಸುಬಿನಲ್ಲಿ ಅಷ್ಟು ಮನೆ ಅವನಿಗೆ ಎಂದೂ ಇರಲಿಲ್ಲ. ಕೊಟ್ಟಿಗೆಯ ಚಿಂತೆ ತಪ್ಪಿತು, ಇನ್ನಾದರೂ ಸುಖವಾಗಿ ಕೂತು ಉಣ್ಣು ಎಂದೆ.

ಅವನು ತಂತಿ ಎಳೆದ. ಮುಖದಲ್ಲಿ ಮಾತ್ರ ನಗು ಇರಲಿಲ್ಲ. ದೀಪಾವಳಿಯ ಹೊತ್ತಿಗೆ ಕೆಳಗಿನ ಬೀದಿಯಲ್ಲಿ ಒಬ್ಬ ಮುದುಕ ತೀರಿಕೊಂಡ. ಸಣ್ಣಬೀರಯ್ಯ ಮೈಕಿನಲ್ಲಿ ಹೇಳಿ ಮುಗಿಸಿ, ಎದ್ದು ಬಂದು ನನ್ನ ಬಾಡಿಗೆಯ ಸೈಕಲ್ಲೊಂದನ್ನು ಕೇಳದೆ ಕೆಳಗಿಳಿಸಿದ. ಸೋಮಯ್ಯನಿಗೆ ಇನ್ನು ನಡೆಯಲಾಗುತ್ತಿರಲಿಲ್ಲ.

"ಎಲ್ಲಿಗ್ಲಾ?" ಎಂದೆ.

"ಮಡಕೆ ಇಲ್ದಿರೋ ಮನೆಗೆ."

"ನಿಂಗೆ ತಲೆ ಕೆಟ್ಟದಾ? ಆಮೇಲೆ ತಂತಿ ಯಾಕ್ಲಾ ಬೇಕು? ತುಳ್ಕಂಡೇ ಓಗೋ ಅಂಗಿದ್ರೆ ಇಷ್ಟು ವರ್ಸ ಊರ್ ತುಂಬ ಯಾಕೆ ತಂತಿ ಎಳ್ದೆ?"

ಅವನು ತುಳಿದುಕೊಂಡು ಹೋದ. ಒಕ್ಕಲು ಮಗ ತೋಟಿ ಕೆಲಸಕ್ಕೆ ನಿಂತ ಎಂದು ಊರು ನಕ್ಕಿತು. ಸುನಂದಮ್ಮ ಅತ್ತಳು. ಅವನು ಎಲ್ಲಕ್ಕಿಂತ ಮೊದಲು ಕೆರೆ ಏರಿ ದಾಟಿ ಅಣ್ಣನ ಬೇಲಿಯಾಚೆ ನಿಂತು, ಇಂಥವರು ಹೋದರು, ಇಷ್ಟು ಹೊತ್ತಿಗೆ ಮಣ್ಣು ಎಂದು ಕೂಗಿ ಹೇಳಿ, ಸೈಕಲ್ ತಿರುಗಿಸಿಕೊಂಡು ಬಂದನಂತೆ. ಆ ಸೈಕಲ್ಲಿನ ಬಾಡಿಗೆ ನಾನು ಕೇಳಲಿಲ್ಲ, ಅವನು ಕೊಡಲೂ ಇಲ್ಲ.

ಆ ಸುಗ್ಗಿಯಲ್ಲಿ ಯಾರೂ ಮಳೆಗೆ ಹೆದರಲಿಲ್ಲ. ಕಣಕಣದಲ್ಲೂ ಇವನಿಗಾಗಿ ಕಾದು ಕೊಳಗ ಅಳೆದರು. ಎಲ್ಲ ಮುಗಿದ ಮೇಲೆ ಒಂದು ದಿನ ಜವರಯ್ಯನ ಹೆಂಡತಿ ಚಾಮುಂಡಮ್ಮ ಶಾಪಿಗೆ ಬಂದಳು. ಸಣ್ಣಬೀರಯ್ಯನನ್ನು ನೋಡದೆ ನನ್ನ ಕಡೆ ತಿರುಗಿ ಹೇಳಿದಳು.

"ನೀವಾದ್ರೂ ಏಳಿ ನಂಜಣ್ಣ. ರಾಶಿ ಪೂಜೆ ಆಗಿ ಮೂರು ದಿನ ಆಯ್ತು, ನಮ್ಮನೆಯವ್ರು ರಾಶಿ ಎತ್ತಾಕಿಲ್ಲ ಅಂತ ಕುಂತವ್ರೆ. ಇಬ್ಬನಿ ಬಿದ್ದು ರಾಗಿ ಕೆಡ್ತಾ ಅದೆ. ಯಾಕೆ ಅಂದ್ರೆ, ಒಬ್ಬಂದು ಆಯ ಬಾಕಿ ಅದೆ ಅಂತಾರೆ. ಕಮ್ಮಾರ ಬಂದ, ಅಗಸ ಬಂದ, ಎಲ್ರೂ 'ನಂದು ಆಯ್ತು' ಅಂತಾರೆ. ಇನ್ಯಾರ್ದು ಅಂದ್ರೆ ಬಾಯ್ ಬುಡಾಕಿಲ್ಲ."

ಸಣ್ಣಬೀರಯ್ಯ ಕೂತಲ್ಲೇ ಬೆವರಿದ. ಅಣ್ಣನ ಕಣಕ್ಕೆ ಅವನು ಎಂದೂ ಹೋದವನಲ್ಲ. ಚೀಲ ತೆಗೆದುಕೊಳ್ಳಲಿಲ್ಲ, ಹಾಗೇ ಎದ್ದ. ಅವನನ್ನು ಒಬ್ಬನನ್ನೇ ಬಿಟ್ಟರೆ ಅರ್ಧ ದಾರಿಯಿಂದ ವಾಪಸು ಬರುತ್ತಾನೆ ಎಂದು ಗೊತ್ತಿದ್ದರಿಂದ ನಾನೂ ಹೋದೆ.

ಜವರಯ್ಯ ರಾಶಿಯ ಪಕ್ಕದಲ್ಲಿ ಕಂಬಳಿ ಹೊದ್ದು ಕೂತಿದ್ದ. ತಮ್ಮನನ್ನು ಕಂಡು ಎದ್ದ. ಕೊಳಗ ತೆಗೆದುಕೊಂಡ. ಸಣ್ಣಬೀರಯ್ಯ ಹೆಗಲ ಮೇಲಿನ ಟವೆಲನ್ನು ಬಿಚ್ಚಿ ಒಡ್ಡಿದ. ಜವರಯ್ಯ ಕೊಳಗ ತುಂಬಿ, ತಲೆ ಸವರದೆ, ಗೋಪುರ ಏರುವಂತೆ ಅಳೆದು ಸುರಿದ.

"ಇದು ಮಡಕೆಗಲ್ಲ. ನನ್ ಮನೆಗೆ ತಂತಿ ಎಳೀಬ್ಯಾಡ. ಯಾರು ಸತ್ರೂ ನೀನೇ ಬಂದು ಏಳ್ಬೇಕು. ಬೇಲಿಯಾಚೆ ನಿಂತ್ಕಂಡು ಕೂಗಾದಲ್ಲ, ಒಳೀಕ್ ಬಂದು. ಅದಕ್ಕೆ ಇದು."

"ಬತ್ತೀನಿ" ಎಂದ ಸಣ್ಣಬೀರಯ್ಯ.

"ಇನ್ನೊಂದು. ಕೊಟ್ಟಿಗೆಗೆ ಆಳು ಇಟ್ಟಿದೀನಿ. ಅಲ್ಲಿ ನಿಂಗೆ ಜಾಗ ಇಲ್ಲ." ಹಾಗೆಂದು ರಾಶಿ ಎತ್ತಲು ಆಳುಗಳನ್ನು ಕೂಗಿದ.

ದಾರಿಯಲ್ಲಿ ಸಣ್ಣಬೀರಯ್ಯ ರಾಗಿ ಗಂಟನ್ನು ಎದೆಗೆ ಅವುಚಿಕೊಂಡು ಅತ್ತ. ನನಗೆ ಕೊಡು, ಹೊರುತ್ತೇನೆ ಎಂದರೂ ಕೊಡಲಿಲ್ಲ. ಟವೆಲ್ಲಿಗೆ ತೂತಿತ್ತು, ಕೆರೆ ಏರಿಯ ಉದ್ದಕ್ಕೂ ರಾಗಿ ಸೋರಿತು. ಅದನ್ನು ಹೇಳಿದ್ದಕ್ಕೆ ನನಗೇ ಬೈದ.

ಮಡಕೆಗಳು ಬಹಳ ವರ್ಷ ಬಾಳಲಿಲ್ಲ. ಭಯ ಹಳತಾಯಿತು, ತಂತಿ ತುಕ್ಕು ಹಿಡಿಯಿತು, ಪಂಚಾಯ್ತಿಯವರು ಅರಳಿಕಟ್ಟೆಗೆ ದೊಡ್ಡ ಕಹಳೆ ಸ್ಪೀಕರು ತಂದು ಕಟ್ಟಿದರು. ಸುನಂದಮ್ಮ ವಾಪಸು ಬಂದ ಮಡಕೆಗಳಲ್ಲಿ ಹುಣಸೆಹಣ್ಣು ತುಂಬಿಟ್ಟಳು. ಸಣ್ಣಬೀರಯ್ಯ ಕೊನೆಗೂ ನನ್ನ ಮಾತಿಗೆ ಬಂದು ಸೆಲ್ಲು ಮಾರಿದ, ಟ್ರಾನ್ಸಿಸ್ಟರ್ ರಿಪೇರಿ ಮಾಡಿದ. ನಾನು ಹೇಳಿದಾಗಲೇ ಮಾಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಾನು ದಿನಕ್ಕೊಂದು ಸಲ ಹೇಳುತ್ತಿದ್ದೆ. ಆದರೆ ಊರಿನಲ್ಲಿ ಯಾರು ಸತ್ತರೂ ಸೈಕಲ್ ಕೆಳಗಿಳಿಸುವುದನ್ನು ಬಿಡಲಿಲ್ಲ. ಸುಗ್ಗಿಗೆ ಅವನಿಗೆ ಆಯ ಅಳೆಯುವ ಕಣ ಒಂದೇ ಒಂದು ಉಳಿಯಿತು. ಅಲ್ಲಿ ಮಾತು ಇಲ್ಲ, ಕತೆ ಇಲ್ಲ. ಒಬ್ಬ ಅಳೆಯುವನು, ಒಬ್ಬ ಒಡ್ಡುವನು.

ಹೋದ ವರ್ಷ, ಎಪ್ಪತ್ತೆಂಟರ ಮಳೆಗಾಲದಲ್ಲಿ, ಸಣ್ಣಬೀರಯ್ಯ ಯಾರದೋ ಟ್ರಾನ್ಸಿಸ್ಟರ್ ಬಿಚ್ಚಿಕೊಂಡು ಕೂತಿದ್ದವನು ನನ್ನ ಟೈರುಗಳ ಮೇಲೆ ಒರಗಿದ. ಎದೆ ಹಿಡಿದುಕೊಂಡ. ಗಾಡಿ ಕಟ್ಟುವಷ್ಟರಲ್ಲಿ ಮುಗಿದುಹೋಗಿತ್ತು. ಆ ದಿನ ಕರೆಂಟು ಇರಲಿಲ್ಲ, ಪಂಚಾಯ್ತಿಯ ಕಹಳೆ ಮೂಕವಾಗಿತ್ತು. ಸೋಮಯ್ಯ ಸತ್ತು ಎಷ್ಟೋ ವರ್ಷ. ಇನ್ನು ಯಾರು ಹೋಗುತ್ತಾರೆ? ನಾನೇ ಸೈಕಲ್ ಇಳಿಸಿದೆ. ಅವನು ಹೋಗುತ್ತಿದ್ದ ಹಾಗೆಯೇ ಮೊದಲು ಕೆರೆ ಏರಿ ದಾಟಿದೆ.

ಜವರಯ್ಯ ಜಗಲಿಯ ಮೇಲೆ ಟ್ರಾನ್ಸಿಸ್ಟರ್ ಇಟ್ಟುಕೊಂಡು ಕೂತಿದ್ದ. ಸೈಕಲ್ ಬೇಲಿ ದಾಟಿ ಒಳಗೆ ಬಂದದ್ದನ್ನು ನೋಡಿ ರೇಡಿಯೋ ಆರಿಸಿದ. ಇಳಿದವನು ನಾನು ಎನ್ನುವುದು ಅವನಿಗೆ ಆಮೇಲೆ ಕಂಡಿತು. ನನ್ನ ಮುಖ ನೋಡಿದ, ನನ್ನ ಹಿಂದೆ ಖಾಲಿಯಿದ್ದ ದಾರಿ ನೋಡಿದ. ನಾನು ಬಾಯಿ ತೆರೆಯುವ ಮೊದಲೇ ಅವನು ಎದ್ದು ನಿಂತು ನನ್ನ ಮೇಲೆ ರೇಗಿದ.

"ನೀ ಯಾಕ್ಲಾ ಬಂದೆ? ಅವ್ನೇ ಬಂದು ಏಳ್ಬೇಕು ಅಂತ ಅಲ್ವೇನ್ಲಾ ವರ್ಸ ವರ್ಸ ಅಳೀತಿರಾದು!"